ಬೆಳಕಿನೆಳೆಯ ಅಳತೆಗೋಲು

ಹೋದ ತಿಂಗಳು ವೈಟ್ಟಿಲದ ಬಂಧುಗಳೊಬ್ಬರ ಮನೆಯಲ್ಲಿ ಕುಳಿತಿದ್ದೆವು. ಅವರ ಎಂಟು ವರ್ಷದ ಮಗನ ಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಚಿದೆ. ಕಾಲು ಬೆಳೆದಂತೆ ಹೊಸ ಬೂಟು ಬೇಕು. ಪ್ರತಿ ಸಲವೂ ಒದ್ದೆ ಪ್ಲಾಸ್ಟರು ಸುತ್ತಿ ಅಚ್ಚು ತೆಗೆಯಬೇಕು. ಹುಡುಗನಿಗೆ ಅದೆಂದರೆ ಅಳು. "ಮುಟ್ಟದೆ ಅಳೆಯುವ ಉಪಾಯ ಇಲ್ಲವೇನು?" ಎಂದು ತಾಯಿ ಕೇಳಿದರು. ಉಂಟು. ಈ ಸಲ ಅದನ್ನೇ ಹೇಳುತ್ತೇವೆ.

ಓದುಗರು ಇಂದು ರಾತ್ರಿ ಒಂದು ಪರೀಕ್ಷೆ ಮಾಡಿ ನೋಡಬೇಕು. ದೀಪ ಆರಿಸಿ, ಮೊಬೈಲಿನ ಟಾರ್ಚಿನ ಮುಂದೆ ಬಾಚಣಿಗೆ ಹಿಡಿಯಿರಿ. ಗೋಡೆಯ ಮೇಲೆ ಹಲ್ಲುಗಳ ನೆರಳು ನೆಟ್ಟಗೆ ಬೀಳುತ್ತದೆ. ಗೋಡೆಯ ಮುಂದೆ ತೆಂಗಿನಕಾಯಿ ಇಟ್ಟು, ಪಕ್ಕಕ್ಕೆ ಸರಿದು ನೋಡಿ: ಗೆರೆಗಳು ಕಾಯಿಯ ಉಬ್ಬಿಗೆ ತಕ್ಕಂತೆ ಬಾಗಿರುತ್ತವೆ. ಟಾರ್ಚಿನ ನೇರಕ್ಕೇ ಕಣ್ಣಿಟ್ಟರೆ ಈ ಬಾಗು ಕಾಣದು.

ವಿಜ್ಞಾನಿಗಳ ಉಪಾಯವೂ ಇದೇ. ಬಾಚಣಿಗೆಯ ಬದಲು ಎರಡು ಆಪ್ಟಿಕಲ್ ಫೈಬರ್. ಮನೆಗೆ ಇಂಟರ್ನೆಟ್ ತರುವ ಗಾಜಿನ ಎಳೆಯ ಜಾತಿಯವೇ. ಮಿಲಿಮೀಟರಿನಲ್ಲಿ ಎಂಟನೆಯ ಒಂದು ಪಾಲು ದಪ್ಪ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು, ಹೆರಾಲ್ಡ್ ಹಾಪ್‌ಕಿನ್ಸ್ ಅವರೊಡನೆ ಲಂಡನ್ನಿನಲ್ಲಿ ದುಡಿದು, ಗಾಜೆಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿದ ಸಂಗತಿಯನ್ನು 1954ರಲ್ಲಿ ಪ್ರಕಟಿಸಿದರು.

ಒಂದು ಲೇಸರ್ ಬೆಳಕನ್ನು ಎರಡಾಗಿ ಹಂಚಿ ಎರಡು ಎಳೆಗಳಲ್ಲಿ ಹರಿಸುತ್ತಾರೆ. ತುದಿಗಳನ್ನು ಒತ್ತೊತ್ತಾಗಿ ಇಟ್ಟರೆ ಹೊರಬಂದ ಬೆಳಕುಗಳು ಒಂದರ ಮೇಲೊಂದು ಹರಡುತ್ತವೆ. ಅಲೆಗೆ ಅಲೆ ಕೂಡಿದಲ್ಲಿ ಬೆಳಕು, ಅಲೆಯನ್ನು ಅಲೆ ಅಳಿಸಿದಲ್ಲಿ ಕತ್ತಲು. ಹೀಗೆ ವಸ್ತುವಿನ ಮೇಲೆ ಗೆರೆಗಳು ಮೂಡುತ್ತವೆ. ಪಕ್ಕದಲ್ಲಿರುವ ಕ್ಯಾಮೆರಾ ಅವುಗಳ ಬಾಗನ್ನು ಹಿಡಿಯುತ್ತದೆ. ಒಂದು ಎಳೆಯನ್ನು ತುಸುವೇ ಜಗ್ಗಿದರೆ ಗೆರೆಗಳು ಸರಿಯುತ್ತವೆ. ಹಾಗೆ ಸರಿಸುತ್ತ ನಾಲ್ಕು ಚಿತ್ರ ತೆಗೆದರೆ, ಒಂದೊಂದು ಬಿಂದುವಿನ ಉಬ್ಬುತಗ್ಗನ್ನೂ ಕಂಪ್ಯೂಟರು ಲೆಕ್ಕಹಾಕುತ್ತದೆ.

ತೊಡಕೂ ಉಂಟು. ಎಳೆಗೆ ತುಸು ಬಿಸಿ ತಗಲಿದರೂ, ಬೀದಿಯ ಲಾರಿ ನೆಲ ನಡುಗಿಸಿದರೂ ಗೆರೆಗಳು ಅಲುಗುತ್ತವೆ. ಅದನ್ನು ಆಗಿಂದಾಗಲೇ ತಿದ್ದುವ ಏರ್ಪಾಡು ಬೇಕು. ಕ್ಯಾಮೆರಾಕ್ಕೆ ಮರೆಯಾದ ಭಾಗ ಅಳತೆಗೆ ಸಿಕ್ಕದು. ಆದ್ದರಿಂದ ಪಾದ, ಬೆನ್ನುಗಳನ್ನು ಅಳೆಯಲು ಪ್ರೊಜೆಕ್ಟರು ಚೆಲ್ಲುವ ಗೆರೆಗಳೇ ಹೆಚ್ಚು ಬಳಕೆಯಲ್ಲಿವೆ. ದೊಡ್ಡ ಯಂತ್ರ ಹೊಗಲಾರದ ಇಕ್ಕಟ್ಟಿನಲ್ಲಿ ಗಾಜಿನೆಳೆಗೆ ಮೇಲುಗೈ.

ನಮ್ಮ ನೆರೆಯ ಕಳಮಶ್ಶೇರಿಯಲ್ಲಿ, ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ, ಬೆಳಕಿನ ವಿದ್ಯೆಗೆಂದೇ 1995ರಲ್ಲಿ ಇಂಟರ್‌ನ್ಯಾಷನಲ್ ಸ್ಕೂಲ್ ಆಫ್ ಫೋಟಾನಿಕ್ಸ್ ಸ್ಥಾಪನೆಯಾಯಿತು. ವಿಜ್ಞಾನದಲ್ಲಿ ಒಲವಿರುವ ನಮ್ಮ ಮಕ್ಕಳು ಈ ಹೆಸರನ್ನು ನೆನಪಿಡಲಿ.

ಆ ತಾಯಿಗೆ ನಾವು ಹೇಳಿದ್ದು ಇಷ್ಟೇ: ಮುಂದಿನ ಸಲ ಬೆಳಕಿನಿಂದ ಅಳೆಯುವ ಸ್ಕ್ಯಾನರು ಉಂಟೇ ಎಂದು ಕೇಳಿ ನೋಡಿ. ಪಾದವನ್ನು ತಿದ್ದಿ ಹಿಡಿದೇ ಅಚ್ಚು ತೆಗೆಯಬೇಕು ಎಂದು ವೈದ್ಯರು ಹೇಳಿದರೆ ಪ್ಲಾಸ್ಟರೇ ಸರಿ.

ಅಷ್ಟರಲ್ಲಿ ಹುಡುಗ ಬಾಚಣಿಗೆಯ ಗೆರೆಗಳನ್ನು ತನ್ನ ಪಾದದ ಮೇಲೆ ಬೀಳಿಸಿಕೊಂಡಿದ್ದ. "ಅಮ್ಮಾ, ಇದು ತಣ್ಣಗೇ ಇಲ್ಲ!" ಎಂದ.