ಸೂತಕ ಬಾಣಂತಿಗಿಲ್ಲ, ತೊಳೆಯದ ಕೈಗಿದೆ

ಪಂಚಸೂತಕಗಳನ್ನು ಶರಣರು 12ನೇ ಶತಮಾನದಲ್ಲೇ ತಳ್ಳಿಹಾಕಿದರೆಂದು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ನಮ್ಮದೇ ಮನೆಯಲ್ಲಿ ಹೆರಿಗೆಯಾದಾಗ? ಬಾಣಂತಿಗೆ ಗಾಳಿ ಬೆಳಕಿಲ್ಲದ ಕೋಣೆ, ಹಳೆಯ ಬಟ್ಟೆ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ ಕೂಸಿನ ಬಾಯಿಗೆ ಬೆಲ್ಲದ ನೀರು, ಜೇನು. ಕೂಸಿಗೆ ಜ್ವರ ಬಂದರೂ 'ಹನ್ನೊಂದು ದಿನ ಕಳೆಯಲಿ' ಎಂಬ ಮಾತು. ಬಾಯಲ್ಲಿ ಬಿಟ್ಟ ಜನನಸೂತಕ ಬಾಣಂತಿಯ ಕೋಣೆಯಲ್ಲಿ ಹಾಗೇ ಕುಳಿತಿದೆ.

ಹುಟ್ಟಿದ ಮೊದಲ 28 ದಿನ ಕೂಸಿಗೆ ರೋಗ ತಡೆಯುವ ಬಲ ಕಡಿಮೆ. ನಾವು ಚೆಲ್ಲುವ ಹಳದಿ ಹಾಲೇ ಆ ಬಲವನ್ನು ಕೊಡುವಂಥದ್ದು. ಹುಟ್ಟಿದ ಒಂದು ಗಂಟೆಯೊಳಗೆ ಅದನ್ನು ಕುಡಿಸಬೇಕು. ಹೊಕ್ಕುಳು ಹಸಿ ಗಾಯ. ಅದಕ್ಕೆ ಬೂದಿ, ಸಗಣಿ, ಎಣ್ಣೆ ಹಚ್ಚಿದರೆ ರೋಗಾಣು ನೇರ ರಕ್ತಕ್ಕಿಳಿಯುತ್ತದೆ. ವಿಭೂತಿ ಹಣೆಗಿರಲಿ, ಹೊಕ್ಕುಳಿಗೆ ಬೇಡ. ಅದು ಒಣಗಿ ತಾನೇ ಬೀಳಲಿ.

'ನಮ್ಮ ಹಿರಿಯರು ಹೀಗೇ ಸಾಕಲಿಲ್ಲವೇ?' ಎನ್ನುವವರಿದ್ದಾರೆ. ಸಾಕಿದರು, ನಿಜ. ಹೆಸರಿಡುವ ಮೊದಲೇ ಮಣ್ಣಿಗಿಟ್ಟ ಕೂಸುಗಳ ಲೆಕ್ಕವನ್ನೂ ಅದೇ ಅಜ್ಜಿಯರನ್ನು ಕೇಳಿ ನೋಡಿ. ಗರ್ಭಿಣಿಯರಿಗೆ ಚುಚ್ಚುಮದ್ದು, ಆಸ್ಪತ್ರೆಯಲ್ಲಿ ಶುಚಿಯಾದ ಹೆರಿಗೆ ಬಂದ ಮೇಲಷ್ಟೇ 2015ರಲ್ಲಿ ನಮ್ಮ ದೇಶ ಎಳೆಗೂಸುಗಳ ಧನುರ್ವಾಯುವನ್ನು ಹತೋಟಿಗೆ ತಂದಿತು.

ಸೂತಕವಿಲ್ಲವೆಂದ ಮಾತ್ರಕ್ಕೆ ಕೂಸನ್ನು ಊರೆಲ್ಲ ಎತ್ತಿ ಮುದ್ದಿಡಬೇಕೆಂದಲ್ಲ. ಮೈಲಿಗೆಗೆ ಹೆದರಿ ದೂರ ನಿಲ್ಲುವುದು ಬೇರೆ, ಕೂಸಿನ ಮೇಲಿನ ಕಾಳಜಿಯಿಂದ ದೂರ ನಿಲ್ಲುವುದು ಬೇರೆ. ಕೆಮ್ಮು, ನೆಗಡಿ ಇದ್ದವರು ದೂರವಿರಲಿ. ಉಳಿದವರು ಸಾಬೂನು ಹಚ್ಚಿ ಕೈ ತೊಳೆದೇ ಮುಟ್ಟಲಿ.

ಕೂಸು ಹಾಲು ಬಿಟ್ಟರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಸಲ ಉಸಿರಾಡಿದರೆ, ಎದೆಗೂಡು ಒಳಗೆ ಸೆಳೆದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಹೊಕ್ಕುಳ ಸುತ್ತ ಕೆಂಪಾಗಿ ಕೀವು ಸೋರಿದರೆ, ದೃಷ್ಟಿ ತೆಗೆಯುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಎಳೆಗೂಸಿನ ಚಿಕಿತ್ಸೆ ಉಚಿತ. ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಯಾವ ಜಾತಿಯವಳೆಂದು ಕೇಳಿ ಹೊಸ್ತಿಲಲ್ಲೇ ನಿಲ್ಲಿಸಿದರೆ ಅದು ಇನ್ನೊಂದು ಸೂತಕ. ಪಂಚಸೂತಕಗಳಲ್ಲಿ ಜಾತಿಸೂತಕವೂ ಒಂದು.

ಪೂಜ್ಯರಲ್ಲಿ ಒಂದು ಬಿನ್ನಹ. ಲಿಂಗಧಾರಣೆಗೆ ಮನೆಗೆ ಬರುವ ಗುರುಗಳೇ ಎಲ್ಲರೆದುರು ಮೊದಲು ಸಾಬೂನಿನಿಂದ ಕೈ ತೊಳೆಯಲಿ; ಚುಚ್ಚುಮದ್ದಿನ ಕಾರ್ಡು ಎಲ್ಲಿ ಎಂದು ಕೇಳಲಿ. ಡಾಕ್ಟರು ಹತ್ತು ಸಲ ಹೇಳಿದರೂ ಕೇಳದ ಮನೆ ಮಠದ ಒಂದು ಮಾತಿಗೆ ತಲೆಬಾಗುತ್ತದೆ. ಆ ಮಾತು ಈ ಶ್ರಾವಣದ ಪ್ರವಚನದಲ್ಲೇ ಬರಲಿ.