ಆರಿದ ಕಾಫಿಗೊಂದು ಬಿಸಿ ತಟ್ಟೆ!

ಅಭಿಮಾನಿ ಮಿತ್ರರೇ, ಈ ವಾರ ಯಾವ ತಾರೆಯ ಸುದ್ದಿಯೂ ಇಲ್ಲ, ಯಾವ ಮುಹೂರ್ತದ ವರದಿಯೂ ಇಲ್ಲ. ಈ ವಾರದ ನಾಯಕ ನನ್ನ ಮೇಜಿನ ಮೇಲಿರೋ ಕಾಫಿ ಲೋಟ. ನಗಬೇಡಿ. ನಿಮ್ಮಲ್ಲಿ ಎಷ್ಟು ಜನ ರಾತ್ರಿಯೆಲ್ಲಾ ಕೂತು ಕಥೆ-ಚಿತ್ರಕಥೆ ಅಂತ ಗೀಚ್ತೀರಿ ಅನ್ನೋದು ನನಗೆ ಗೊತ್ತು. ಪೂರ್ತಿ ಓದಿ, ಆಮೇಲೆ ಬೇಕಾದರೆ ನಗಿ.

ಹಿರೇನಲ್ಲೂರಿನಲ್ಲಿ ಕೂತು ಸಿನಿಮಾ ಬಗ್ಗೆ ಬರೆಯೋನು ನಾನು. ಪಿಯುಸಿ ಅರ್ಧಕ್ಕೆ ಬಿಟ್ಟವನು. ಬರೆದರೆ ಕಾಸು, ಇಲ್ಲದಿದ್ದರೆ ಇಲ್ಲ. ಹಗಲೆಲ್ಲಾ ತೋಟ, ಕಡೂರಿನ ಓಡಾಟ. ಬರವಣಿಗೆ ಏನಿದ್ದರೂ ರಾತ್ರಿ ಊಟ ಆದ ಮೇಲೆ. ಹತ್ತು ಗಂಟೆಗೆ ಅಮ್ಮ ಒಂದು ಲೋಟ ಕಾಫಿ ತಂದಿಟ್ಟು ಮಲಗ್ತಾಳೆ. ಎರಡು ಗುಟುಕು ಹೀರಿ ಪೆನ್ನು ಹಿಡಿದರೆ ಮತ್ತೆ ಲೋಟದ ನೆನಪಾಗೋದು ಹನ್ನೊಂದಕ್ಕೆ. ಅಷ್ಟೊತ್ತಿಗೆ ಮೇಲೆ ಕೆನೆ, ಕೆಳಗೆ ತಣ್ಣೀರು!

2024ರಲ್ಲಿ 'ಭೂತಯ್ಯನ ಮಗ ಅಯ್ಯು' ಚಿತ್ರಕ್ಕೆ 50 ವರ್ಷ ತುಂಬಿತಲ್ಲ, ಆಗ ಒಂದು ಲೇಖನಕ್ಕೆ ಕೂತಿದ್ದೆ. ಸಿದ್ದಲಿಂಗಯ್ಯನವರ ನಿರ್ದೇಶನ, ನಮ್ಮ ಜಿಲ್ಲೆಯ ಕಳಸಾಪುರದಲ್ಲೇ ಶೂಟಿಂಗ್ ಆದ ಚಿತ್ರ. ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸೋ ದೃಶ್ಯದ ಬಗ್ಗೆ ಬರೀತಾ ಬರೀತಾ ನನ್ನ ಬಾಯಲ್ಲೂ ನೀರೂರಿತು. ಲೋಟ ಎತ್ತಿದೆ... ಐಸು! "ಅಮ್ಮಾ" ಅಂತ ಕೂಗಿದೆ. ಮಂಡಿನೋವಿನ ಹೆಂಗಸು ಗೋಡೆ ಹಿಡ್ಕೊಂಡು ಬಂದು ಸ್ಟೌ ಹಚ್ಚಿದಳು. ಆ ರಾತ್ರಿ ಹೀಗೆ ಮೂರು ಸಲ. ಮೂರನೇ ಸಲ ಲೋಟ ಇಟ್ಟು, "ನಿನ್ನ ಅಯ್ಯು ಯಾವಾಗ ಮುಗೀತಾನೋ ಮಗಾ?" ಅಂದಳು. ಬೈದಿದ್ದರೆ ಪರವಾಗಿರಲಿಲ್ಲ.

ನೀನೇ ಕಾಯಿಸ್ಕೋಬಾರದಾ ಅಂತೀರಿ. ಮಾರನೇ ದಿನದಿಂದ ಅದೂ ಆಯ್ತು. ಆದರೆ ಪಾತ್ರೆ ಸದ್ದಾದರೆ ಸಾಕು ಅವಳಿಗೆ ಎಚ್ಚರ. "ನೀ ಬರ್ಕೋ ಹೋಗು, ನಾ ಕಾಯಿಸ್ತೀನಿ" ಅಂತ ಎದ್ದೇ ಬಿಡೋಳು.

ಆಗ ಕಣ್ಣಿಗೆ ಬಿದ್ದದ್ದು ಮಗ್ ವಾರ್ಮರ್. ಮೇಜಿನ ಮೇಲಿಡೋ ಪುಟ್ಟ ಕರೆಂಟಿನ ತಟ್ಟೆ. ಅದರ ಮೇಲೆ ಲೋಟ ಇಟ್ಟರೆ ಕಾಫಿ ಬಿಸಿಯಾಗೇ ಇರುತ್ತೆ. ಅಮೆರಿಕದಲ್ಲಿರೋ ದೊಡ್ಡಪ್ಪನ ಮಗ ಊರಿಗೆ ಬಂದಾಗ ಒಂದು ತಂದುಕೊಟ್ಟ. ಪಿನ್ನು ಬೇರೆ ಥರ ಇತ್ತು. ಕಡೂರಿಗೆ ಹೋಗಿ ಒಂದು ಅಡಾಪ್ಟರ್ ತಂದೆ, ಚುಚ್ಚಿದೆ. ಆಹಾ, ಏನು ಬಿಸಿ! ಕಾಲು ಗಂಟೆಗೆ ಸುಟ್ಟ ವಾಸನೆ, ಹೊಗೆ. ಪ್ಲಾಸ್ಟಿಕ್ ಕರಗಿ ಪಕ್ಕದಲ್ಲಿದ್ದ ಬರಹದ ಹಾಳೆಗಳು ಕಂದಿಹೋದವು. ಮಂಡಿನೋವಿನ ಅಮ್ಮ ಓಡಿ ಬಂದದ್ದು ಅವತ್ತು! ಬಂದವಳೇ ಗೋಡೆಯ ಸ್ವಿಚ್ಚು ಆರಿಸಿದಳು. ನಾನು ಬಾಯಿಬಿಟ್ಕೊಂಡು ನಿಂತಿದ್ದೆ.

ತಪ್ಪು ನನ್ನದೇ. ತಟ್ಟೆಯ ತಳದಲ್ಲಿ 120 ವೋಲ್ಟ್ ಅಂತ ಬರೆದಿತ್ತು. ಅಮೆರಿಕದ ಕರೆಂಟೇ ಅಷ್ಟು. ನಮ್ಮದು 230. ಅಡಾಪ್ಟರ್ ಬದಲಾಯಿಸೋದು ಪಿನ್ನನ್ನ ಮಾತ್ರ, ವೋಲ್ಟನ್ನಲ್ಲ. ವೋಲ್ಟು ಎರಡರಷ್ಟಾದರೆ ಶಾಖ ನಾಲ್ಕರಷ್ಟು. 20 ವ್ಯಾಟಿನ ತಟ್ಟೆ 70 ವ್ಯಾಟ್ ದಾಟಿ ಕಾದರೆ ಉಳಿಯುತ್ತದೆಯೇ? ಅದಕ್ಕೇ ಮೊದಲ ಪಾಠ: ಕೊಳ್ಳುವ ಮುಂಚೆ ತಟ್ಟೆಯನ್ನ ಮಗುಚಿ ಓದಿ. 230 ವೋಲ್ಟ್ ಅಂತಿರಬೇಕು. ಇಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಎರಡನೇದು, ಇದು ಕಾಯಿಸೋ ಯಂತ್ರ ಅಲ್ಲ, ಕಾಯೋ ಯಂತ್ರ! ಬಿಸಿಯಾಗಿರೋದನ್ನ ಬಿಸಿಯಾಗಿಡುತ್ತೆ, ಅಷ್ಟೇ. ಆರಿದ್ದನ್ನ ಕುದಿಸುತ್ತೆ ಅಂದ್ಕೊಂಡು ತಂದರೆ ನಿರಾಸೆ ಖಂಡಿತ. ಬಹಳಷ್ಟು ತಟ್ಟೆಗಳು ಕಾಫಿಯನ್ನ 55ರಿಂದ 65 ಡಿಗ್ರಿ ಒಳಗೆ ಹಿಡಿದಿಡೋ ಲೆಕ್ಕದಲ್ಲಿ ಮಾಡಿದವು. ಅಷ್ಟು ಸಾಕು ಕೂಡ. 65 ಡಿಗ್ರಿಗಿಂತ ಬಿಸಿಯಾದದ್ದನ್ನ ಕುಡಿಯೋ ಅಭ್ಯಾಸದಿಂದ ಅನ್ನನಾಳದ ಕ್ಯಾನ್ಸರ್ ಬರುವ ಸಂಭವ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲೇ ಹೇಳಿದೆ. ಇನ್ನು ಕಂಪ್ಯೂಟರಿನ ಯುಎಸ್‌ಬಿಗೆ ಸಿಕ್ಕಿಸೋ ಅಗ್ಗದ ತಟ್ಟೆಗಳಿವೆ. ಹಳೇ ಕಂಪ್ಯೂಟರಿನ ಆ ತೂತಿನಿಂದ ಬರೋದು ಎರಡೂವರೆ ವ್ಯಾಟ್. ಅಷ್ಟರಲ್ಲಿ ಲೋಟ ಬೆಚ್ಚಗಾಗಲ್ಲ, ನಿಮ್ಮ ಜೇಬು ಮಾತ್ರ ತಣ್ಣಗಾಗುತ್ತೆ.

ಮೂರನೇದೇ ಮುಖ್ಯ. ತಟ್ಟೆಗಿಂತ ಮೊದಲು ಲೋಟ ನೋಡ್ಕೊಳ್ಳಿ. ನಮ್ಮ ಮನೆಗಳ ಸ್ಟೀಲ್ ಲೋಟಕ್ಕೆ ತಳದಲ್ಲಿ ಅಂಚು ಕಟ್ಟಿರುತ್ತೆ, ನಡುಭಾಗ ಒಳಕ್ಕೆ ಹೋಗಿರುತ್ತೆ. ತಟ್ಟೆಗೆ ತಾಗೋದು ಅಂಚು ಮಾತ್ರ. ಪರೀಕ್ಷೆ ಸುಲಭ. ತಳ ಒದ್ದೆ ಮಾಡಿ ಪೇಪರ್ ಮೇಲೆ ಒತ್ತಿ. ಬಳೆಯ ಥರ ಗುರುತು ಬಿದ್ದರೆ ಆ ಲೋಟ ಆಗಲ್ಲ. ತುಂಬಿದ ಚಂದ್ರನ ಥರ ಬಿದ್ದರೆ ಪಾಸು! ಪೇಪರ್ ಕಪ್ಪು, ಪ್ಲಾಸ್ಟಿಕ್ಕು ಇಡಲೇಬೇಡಿ. ಶಾಖ ಹೊರಗೆ ಹೋಗದ ಜೋಡಿ ಗೋಡೆಯ ಲೋಟಕ್ಕೆ ಕೆಳಗಿನ ಶಾಖ ಒಳಗೂ ಹೋಗಲ್ಲ. ಮೇಲೊಂದು ಮುಚ್ಚಳ ಇಡಿ. ಕಾಫಿಯ ಬಿಸಿ ಹೆಚ್ಚಾಗಿ ಹಾರಿಹೋಗೋದು ಆವಿಯ ಜೊತೆಗೇ.

ನಾಲ್ಕನೇದು, ತಾನೇ ಆರೋ ವ್ಯವಸ್ಥೆ ಇರಲೇಬೇಕು. ಲೋಟ ಎತ್ತಿದರೆ ಆರೋದು, ಇಷ್ಟು ಗಂಟೆ ಆದ ಮೇಲೆ ಆರೋದು, ಹೀಗೆ ಎರಡು ಥರ ಇವೆ. ಬರೀತಾ ಬರೀತಾ ಮೇಜಿಗೆ ತಲೆ ಇಟ್ಟು ನಿದ್ದೆ ಹೋಗೋರು ನಾವು. ಹಾಳೆಗಳ ಪಕ್ಕ ಕಾದ ತಟ್ಟೆ ಬೆಳಗಿನವರೆಗೆ ಉರಿಯಬಾರದು. ಕರೆಂಟಿನ ಖರ್ಚಿಗೆ ಹೆದರಬೇಡಿ. 20 ವ್ಯಾಟಿನ ತಟ್ಟೆ ದಿನಕ್ಕೆ ಐದು ಗಂಟೆಯಂತೆ ಹತ್ತು ರಾತ್ರಿ ಉರಿದರೆ ಒಂದೇ ಯೂನಿಟ್.

ಒಂದು ಎಚ್ಚರ. ನಮ್ಮದು ಹಾಲಿನ ಕಾಫಿ. ಹಾಲು ಬೆರೆತದ್ದನ್ನ ಅರೆಬೆಚ್ಚಗೆ ಗಂಟೆಗಟ್ಟಲೆ ಇಟ್ಟರೆ ಕೆಡುತ್ತೆ, ರುಚಿಯೂ ಕಹಿಯಾಗುತ್ತೆ. ಎರಡು ಗಂಟೆಯೊಳಗೆ ಲೋಟ ಖಾಲಿ ಮಾಡಿ. ಅಷ್ಟು ನಿಧಾನ ಕುಡಿಯೋರು ಕರಿಕಾಫಿಯೋ, ಕಷಾಯವೋ ಮಾಡ್ಕೊಳ್ಳಿ.

ಹಾಗಾದರೆ ಫ್ಲಾಸ್ಕು ಸಾಲದೇ? 1892ರಲ್ಲಿ ಜೇಮ್ಸ್ ಡ್ಯೂವರ್ ಅನ್ನೋ ವಿಜ್ಞಾನಿ ಕಂಡುಹಿಡಿದದ್ದು. ಅದಕ್ಕೆ ಕರೆಂಟು ಬೇಡ, ವೋಲ್ಟಿನ ತಕರಾರಿಲ್ಲ. ಕರೆಂಟು ಆಗಾಗ ಕೈಕೊಡೋ ಊರಲ್ಲಿ, ಲೋಟ ಬೇಗ ಖಾಲಿ ಮಾಡೋರಿಗೆ ಫ್ಲಾಸ್ಕೇ ಸರಿ. ಗುಟುಕು ಗುಟುಕಾಗಿ ಹೀರುತ್ತಾ, ಮಧ್ಯೆ ಮರೆತೇ ಹೋಗೋ ನನ್ನಂಥವರಿಗೆ ಮಾತ್ರ ತಟ್ಟೆ.

ನಾನು ಎರಡೂ ಇಟ್ಟುಕೊಂಡಿದ್ದೇನೆ. ಫ್ಲಾಸ್ಕು ಅಮ್ಮನದೇ, ಹಳೇದು. ತಟ್ಟೆಗೆ ಒಂದು ಲೇಖನದ ಸಂಭಾವನೆ ಪೂರಾ ಹೋಯ್ತು. ಮೊದಲ ರಾತ್ರಿ ಒಂದು ಗಂಟೆಯವರೆಗೂ ಬರೆದೆ. ಅಡುಗೆಮನೆ ದೀಪ ಹತ್ತಲಿಲ್ಲ. ಬೆಳಿಗ್ಗೆ ಅಮ್ಮ ಕೇಳಿದ್ದು ಒಂದೇ ಮಾತು: "ರಾತ್ರಿ ಏನೂ ಬರೀಲಿಲ್ವೇನೋ?"

ಬರೆದೆ ಅಮ್ಮಾ. ನೀನು ಮಲಗಿದ್ದೆ.

ಮಿತ್ರರೇ, ಮುಂದಿನ ವಾರ ಖಂಡಿತ ಸಿನಿಮಾ ಸುದ್ದಿ!