ಮಂಡಿ ಕನ್ನಡಿಗನದು, ಚೀಟಿ ಮಾತ್ರ ಇಂಗ್ಲಿಷೇ?

ಕಬಡ್ಡಿ ಆಡುವಾಗಲೋ ಫುಟ್‌ಬಾಲ್ ಆಡುವಾಗಲೋ ಕಾಲು ತಿರುಚಿ ಮಂಡಿಯ ಲಿಗಮೆಂಟ್ ಹರಿದುಕೊಂಡ ಹುಡುಗರು ನಮ್ಮ ಬಡಾವಣೆಗಳಲ್ಲಿ ಕಡಿಮೆಯೇನಿಲ್ಲ. ಸಾಲಸೋಲ ಮಾಡಿ ಎ.ಸಿ.ಎಲ್. ಆಪರೇಷನ್ ಮಾಡಿಸುತ್ತಾರೆ. ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ಕೂರಿಸುವುದು ವೈದ್ಯರ ಕೆಲಸ. ಅದು ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಆ ಮಂಡಿಯನ್ನು ಪೂರ್ತಿ ಚಾಚುವ, ಪೂರ್ತಿ ಮಡಚುವ ಕೆಲಸ ಮನೆಯಲ್ಲಿ ತಿಂಗಳುಗಟ್ಟಲೆ ನಡೆಯಬೇಕು. ಅದನ್ನು ಮಾಡಬೇಕಾದವನು ರೋಗಿ. ಅವನ ಕೈಗೆ ಕೊಡುವ ಹಾಳೆ ಎಷ್ಟೋ ಆಸ್ಪತ್ರೆಗಳಲ್ಲಿ ಬರೀ ಇಂಗ್ಲಿಷ್!

'ಹೀಲ್ ಸ್ಲೈಡ್', 'ಕ್ವಾಡ್ ಸೆಟ್', 'ಫುಲ್ ಎಕ್ಸ್‌ಟೆನ್ಷನ್' ಎಂದರೆ ಪೀಣ್ಯದ ಕಾರ್ಖಾನೆಯ ಹುಡುಗ, ಆಟೋ ಓಡಿಸುವ ತಮ್ಮ ಏನೆಂದು ತಿಳಿಯಬೇಕು ಸ್ವಾಮಿ? ಅರ್ಥವಾಗದೆ, ನೋವಿಗೆ ಹೆದರಿ, ಮಂಡಿಯ ಕೆಳಗೆ ದಿಂಬಿಟ್ಟು ಮಲಗುತ್ತಾನೆ. ಹಾಯೆನಿಸುತ್ತದೆ, ನಿಜ. ಆದರೆ ಮಂಡಿ ಬಾಗಿದಂತೆಯೇ ಬಿಗಿಯುತ್ತದೆ. ಒಳಗೆ ಗಾಯದ ನಾರು ಬೆಳೆದು ಕೀಲು ಕಚ್ಚಿಕೊಳ್ಳುತ್ತದೆ. ಕುಂಟು ಉಳಿಯುತ್ತದೆ. ಕೆಲವರಿಗೆ ಇನ್ನೊಂದು ಆಪರೇಷನ್ನೇ ಬೇಕಾಗುತ್ತದೆ. ಇದಕ್ಕೆ ಯಾರು ಹೊಣೆ?

ಕನ್ನಡದಲ್ಲಿ ಹೇಳಲಾಗದ ವಿಷಯವೇ ಇದು? ನೋಡಿ:

ದಿಂಬನ್ನು ಮಂಡಿಯ ಕೆಳಗಲ್ಲ, ಹಿಮ್ಮಡಿಯ ಕೆಳಗಿಡಿ. ತೊಡೆ ಬಿಗಿಹಿಡಿದು ಮಂಡಿಯನ್ನು ಹಾಸಿಗೆಯತ್ತ ಒತ್ತಿ, ಐದು ಎಣಿಸಿ ಬಿಡಿ. ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸುತ್ತಾ ಮೈ ಕಡೆಗೆ ಎಳೆದುಕೊಳ್ಳಿ. ಮೊದಲ ಎರಡು ವಾರದಲ್ಲಿ ಕಾಲು ಇನ್ನೊಂದರಷ್ಟೇ ನೆಟ್ಟಗಾಗಬೇಕು, ಸುಮಾರು 90 ಡಿಗ್ರಿ ಮಡಚಬೇಕು. ಆರು ವಾರಕ್ಕೆ ಸುಮಾರು 120 ಡಿಗ್ರಿ ಗುರಿ. ಮಂಡಿಯೊಳಗಿನ ಮೆನಿಸ್ಕಸ್ ಎಂಬ ಗಾದಿಗೂ ಹೊಲಿಗೆ ಹಾಕಿದ್ದರೆ, ಎಷ್ಟು ಮಡಚಬೇಕೆಂದು ವೈದ್ಯರನ್ನೇ ಕೇಳಿ. ಮೀನಖಂಡ ಊದಿ ನೋವು ಬಂದರೆ, ಜ್ವರ ಬಂದರೆ, ಗಾಯ ಸೋರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನೋವು ಹೋಯಿತೆಂದು ಅಂಕಣಕ್ಕೆ ಇಳಿಯಬೇಡಿ. ಕನಿಷ್ಠ ಒಂಬತ್ತು ತಿಂಗಳು ತಾಳಿ.

ಇಷ್ಟೇ. ಒಂದು ಹಾಳೆಯ ಮಾತು. ಮುದ್ರಣಾಲಯ ನಡೆಸುವವನಾಗಿ ಹೇಳುತ್ತೇನೆ, ಒಂದೇ ಬಣ್ಣದಲ್ಲಿ ಇಂಥ ಸಾವಿರ ಹಾಳೆ ಅಚ್ಚು ಹಾಕಲು ಒಬ್ಬ ರೋಗಿಯ ಎಂ.ಆರ್.ಐ. ಸ್ಕ್ಯಾನಿಂಗಿನಷ್ಟೂ ಖರ್ಚಾಗುವುದಿಲ್ಲ. ಕನ್ನಡದಲ್ಲಿ ಶಬ್ದಗಳಿಲ್ಲ ಎಂಬ ನೆಪವೂ ಬೇಡ. ಕಲಬುರಗಿಯ ಡಾ. ಪಿ.ಎಸ್. ಶಂಕರ್ ಅವರಂಥ ವೈದ್ಯರು ದಶಕಗಳಿಂದ ಕನ್ನಡದಲ್ಲೇ ವೈದ್ಯಕೀಯ ಪುಸ್ತಕ ಬರೆದು ತೋರಿಸಿದ್ದಾರೆ. ಇಲ್ಲದಿರುವುದು ಶಬ್ದವಲ್ಲ, ಮನಸ್ಸು!

2024ರಲ್ಲಿ ನಾಮಫಲಕದಲ್ಲಿ ಶೇ. 60 ಕನ್ನಡ ಇರಲೇಬೇಕೆಂದು ಕಾನೂನು ಬಂತು. ಅದೇ ವರ್ಷ ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಸರ್ಕಾರವನ್ನು ಕೇಳಿತು. ಬಾಗಿಲ ಮೇಲೆ ಕನ್ನಡ ಬಂದರೆ ಸಾಲದು. ಬಾಗಿಲಿಂದ ಹೊರಬರುವ ರೋಗಿಯ ಕೈಯಲ್ಲೂ ಕನ್ನಡ ಇರಬೇಕು.

ಗೆಳೆಯರೇ, ಇದಕ್ಕೆ ಕಲ್ಲು ಬೇಡ, ಬೋರ್ಡಿಗೆ ಮಸಿ ಬಳಿಯುವುದೂ ಬೇಡ. ನಿಮ್ಮವರು ಡಿಸ್ಚಾರ್ಜ್ ಆಗುವ ದಿನ ಕೌಂಟರಿನ ಮುಂದೆ ನಿಂತು 'ಕನ್ನಡದ ಹಾಳೆ ಕೊಡಿ' ಎಂದು ಕೇಳಿ. ಇಲ್ಲವೆಂದರೆ ಫಿಸಿಯೋಥೆರಪಿಸ್ಟರಿಂದ ಒಂದೊಂದನ್ನೂ ಕನ್ನಡದಲ್ಲಿ ಹೇಳಿಸಿ, ಮಾಡಿ ತೋರಿಸಿ, ಬರೆದುಕೊಂಡೇ ಮನೆಗೆ ಹೋಗಿ. ನಾಲ್ಕು ಜನ ಕೇಳಿದರೆ ಐದನೆಯವನಿಗೆ ಹಾಳೆ ಸಿದ್ಧವಿರುತ್ತದೆ.